ಪಟ್ಟಿಯಲ್ಲಿರುವ ಹೆಸರು: ನರ್ಸುಗಳ ಕಾಯಿದೆಗೆ ಸಾಲು ಸಾಲಿನ ವ್ಯಾಖ್ಯಾನ

ಹಾನಗಲ್ಲಿನವರಿಗೆ ಶಾಸನವೆಂದರೆ ಮೊದಲು ನೆನಪಾಗುವುದು ತಾರಕೇಶ್ವರ ಗುಡಿಯ ಆವರಣದ ಕಲ್ಲುಗಳು. ಬಲ್ಲವರು ಅವುಗಳ ಮುಂದೆ ಕುಳಿತು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾರೆ. ದಾನ ಕೊಟ್ಟವರು ಯಾರು, ಕೊಟ್ಟದ್ದು ಏನು, ಅದರ ಗಡಿ ಎಲ್ಲಿಂದ ಎಲ್ಲಿಗೆ, ಅದನ್ನು ಅಳಿದವನಿಗೆ ಯಾವ ಪಾಪ ತಗಲುತ್ತದೆ ಎಂಬುದೆಲ್ಲ ಅಲ್ಲಿ ಕ್ರಮವಾಗಿ ಬರುತ್ತದೆ. ಕನ್ನಡದಲ್ಲಿ ಕಾನೂನಿಗೂ ಶಾಸನವೆಂದೇ ಹೆಸರು. ಆದರೆ ಈ ಎರಡನೆಯ ಶಾಸನವನ್ನು ನಾವು ಬೆರಳಿಟ್ಟು ಓದುವುದಿಲ್ಲ. ವಕೀಲರಿಗೆ ಬಿಟ್ಟುಬಿಡುತ್ತೇವೆ.

ನಾನು ಓದಲು ಕುಳಿತದ್ದು ಒಂದು ರಾತ್ರಿಯ ಕಾರಣದಿಂದ. ನಮ್ಮ ಸೀಮೆಯ ಒಂದು ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ನಮ್ಮವ್ವನನ್ನು ಸೇರಿಸಿದ್ದೆವು. ಸಲೈನ್ ಹಚ್ಚಲು ಬಂದ ಹುಡುಗಿಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಸೂಜಿ ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ, ಅವ್ವನ ಕೈ ಬಾತುಕೊಂಡಿತು. ‘ಯಾವ ಕಾಲೇಜಿನ್ಯಾಗ ಓದೀ ತಂಗಿ?’ ಎಂದು ಕೇಳಿದೆ. ‘ಕಾಲೇಜಿಗೆ ಹೋಗಿಲ್ರೀ ಕಾಕಾರ. ಪಿಯುಸಿ ಆದ ಮ್ಯಾಲ ಇಲ್ಲೇ ಕೆಲಸಕ್ಕ ಸೇರಿದ್ನಿ. ನೋಡಿ ನೋಡಿ ಕಲ್ತೀನ್ರಿ’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಬಿಳಿಯ ಕೋಟನ್ನು ಅವಳಿಗೆ ತೊಡಿಸಿದ್ದು ಯಾರು, ಯಾವ ಅಧಿಕಾರದಿಂದ ಎಂಬ ಪ್ರಶ್ನೆ ಮಾತ್ರ ಬೆಳಗಿನವರೆಗೆ ನಿದ್ದೆಗೆಡಿಸಿತು.

ಉತ್ತರ ಮೂರು ಶಾಸನಗಳಲ್ಲಿದೆ. ಒಂದು, 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ. ಎರಡು, 1961ರಲ್ಲಿ ನಮ್ಮ ರಾಜ್ಯ ಮಾಡಿಕೊಂಡ ನರ್ಸುಗಳ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕಿಯರ ಕಾಯಿದೆ. ಮೂರು, ಸಂಸತ್ತು 2023ರಲ್ಲಿ ಒಪ್ಪಿದ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆ. ಈ ಮೂರರ ತಿರುಳನ್ನು ಏಳು ಸಾಲುಗಳಲ್ಲಿ ನನ್ನ ಮಾತಿನಲ್ಲಿ ಇಟ್ಟುಕೊಂಡು, ಒಂದೊಂದಕ್ಕೂ ಅರ್ಥ ಹೇಳುತ್ತೇನೆ. ಸಾಲುಗಳು ಕಾಯಿದೆಯ ಪದಶಃ ಪಾಠವಲ್ಲ, ಸಾರ.

ಸಾಲು 1

“ಇದು ನರ್ಸುಗಳಿಗೆ, ಸೂಲಗಿತ್ತಿಯರಿಗೆ, ಆರೋಗ್ಯ ಸಂದರ್ಶಕಿಯರಿಗೆ ಸಂಬಂಧಪಟ್ಟ ಕಾಯಿದೆ, ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ.”

‘ಇಡೀ ರಾಜ್ಯಕ್ಕೆ’ ಎಂಬ ಮಾತು ಈಗ ಸಹಜವಾಗಿ ಕೇಳಿಸುತ್ತದೆ. 1961ರಲ್ಲಿ ಅದು ಹೊಸ ಮಾತು. 1956ರ ನವೆಂಬರ್ 1ಕ್ಕೆ ಮೊದಲು ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಮುಂಬಯಿ ಪ್ರಾಂತ್ಯ ನರ್ಸುಗಳ ನೋಂದಣಿಗೆ 1935ರಲ್ಲಿ ಒಂದು ಕಾನೂನು ಮಾಡಿತ್ತು, 1954ರಲ್ಲಿ ಅದನ್ನು ಬದಲಿಸಿ ಇನ್ನೊಂದು ತಂದಿತು. ಆದ್ದರಿಂದ ಆ ಕಾಲಕ್ಕೆ ಹಾನಗಲ್ಲಿನ ದವಾಖಾನೆಯ ನರ್ಸಬಾಯಿಯ ಹೆಸರಿಗೆ ಜಾಗವಿದ್ದದ್ದು ಮುಂಬಯಿಯ ಪುಸ್ತಕದಲ್ಲಿ. ಮಂಗಳೂರಿನವಳಿಗೆ 1926ರ ಮದರಾಸಿನ ಕಾನೂನು. ನಾಡು ಒಂದಾದ ಐದು ವರ್ಷಕ್ಕೆ ಈ ಬಿಡಿ ಬಿಡಿ ಪುಸ್ತಕಗಳ ಜಾಗದಲ್ಲಿ ಒಂದೇ ಪುಸ್ತಕ ಬಂತು. ಏಕೀಕರಣ ಎಂದರೆ ಗಡಿ, ಭಾಷೆ, ನೀರು ಎಂದಷ್ಟೇ ನಾವು ನೆನೆಯುತ್ತೇವೆ. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವಳ ಅರ್ಹತೆಯೂ ಆಗ ಏಕೀಕರಣವಾಯಿತು.

‘ಸೂಲಗಿತ್ತಿ’ ಎಂಬ ಪದಕ್ಕೆ ಇಲ್ಲಿ ಬೇರೆಯೇ ಅರ್ಥ. ಊರಿನ ಸೂಲಗಿತ್ತಿ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದ ಕೈಗುಣದವಳು. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ತಾಯಿಗೆ ನಾಡೇ ಕೈಮುಗಿಯಿತು. ಕಾಯಿದೆಯ ಸೂಲಗಿತ್ತಿಯಾದರೋ ತರಬೇತಿ ಪಡೆದು, ಪರೀಕ್ಷೆ ಮುಗಿಸಿ, ಹೆಸರು ಬರೆಸಿಕೊಂಡವಳು. ಇಬ್ಬರಿಗೂ ಒಂದೇ ಪದ ಇರುವುದರಿಂದ ಕಾಯಿದೆ ಹಳೆಯ ಸೂಲಗಿತ್ತಿಯನ್ನು ಕೀಳಾಗಿ ಕಂಡಿದೆ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಬಾಣಂತಿಗೆ ರಕ್ತಸ್ರಾವ ನಿಲ್ಲದಿದ್ದರೆ ಯಾವ ಔಷಧಿ ಕೊಡಬೇಕು, ಎಷ್ಟು ಹೊತ್ತಿನೊಳಗೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬುದು ಕೈಗುಣಕ್ಕೆ ಮೀರಿದ ವಿದ್ಯೆ. ಆ ವಿದ್ಯೆ ಇದೆಯೇ ಎಂದು ಯಾರಾದರೂ ಪರೀಕ್ಷಿಸಿರಬೇಕು ಎಂಬುದಷ್ಟೇ ಕಾಯಿದೆಯ ಮಾತು.

ಸಾಲು 2

“ಒಂದು ಪರಿಷತ್ತು ಇರತಕ್ಕದ್ದು.”

ಈ ಸಾಲು ಚಿಕ್ಕದು. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು ಬೆಂಗಳೂರಿನಲ್ಲಿದೆ. ದೇಶಕ್ಕೆಲ್ಲ ಶಿಕ್ಷಣದ ಮಟ್ಟ ಒಂದೇ ಇರಲೆಂದು 1947ರ ಕಾಯಿದೆ ದೆಹಲಿಯಲ್ಲಿ ಭಾರತೀಯ ಪರಿಷತ್ತನ್ನು ಸ್ಥಾಪಿಸಿತು. ಯಾವ ವಿದ್ಯಾರ್ಹತೆ ಮಾನ್ಯ ಎಂದು ಹೇಳುವುದು ಅದರ 10ನೆಯ ಕಲಂ. ಮಾನ್ಯ ಅರ್ಹತೆ ಇದ್ದವಳಿಗೆ ಯಾವ ರಾಜ್ಯದ ಪಟ್ಟಿಗಾದರೂ ಸೇರಲು ಅದು ಸಾಕು ಎನ್ನುವುದು 11ನೆಯ ಕಲಂ. ದೆಹಲಿ ಮಟ್ಟ ಗೊತ್ತುಮಾಡುತ್ತದೆ, ಬೆಂಗಳೂರು ಹೆಸರು ಬರೆದುಕೊಳ್ಳುತ್ತದೆ.

ಕಾಲೇಜುಗಳಿಗೆ ಮಾನ್ಯತೆ ಕೊಡುವವರು ಯಾರು ಎಂಬ ಜಗಳ 2017ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಸಂಸ್ಥೆಗಳಿಗೆ ಮಾನ್ಯತೆ ನೀಡುವ ಅಧಿಕಾರ 1947ರ ಕಾಯಿದೆಯಲ್ಲಿ ಭಾರತೀಯ ಪರಿಷತ್ತಿಗೆ ಇಲ್ಲ ಎಂದು ಆ ವರ್ಷದ ಜುಲೈನಲ್ಲಿ ತೀರ್ಪು ಬಂತು. ತೀರ್ಪಿನ ಸರಿ ತಪ್ಪು ನ್ಯಾಯಶಾಸ್ತ್ರದ ವಿಷಯ. ‘ನಮ್ಮ ಸರ್ಟಿಫಿಕೇಟು ಹೊರರಾಜ್ಯದಲ್ಲಿ ನಡೆಯುತ್ತದೆಯೇ?’ ಎಂಬ ಅಂಜಿಕೆ ಮಾತ್ರ ವಿದ್ಯಾರ್ಥಿನಿಯರ ಪಾಲಿಗೆ ಬಂತು. ಎರಡು ಪರಿಷತ್ತುಗಳ ನಡುವಿನ ಗೆರೆ ಸ್ಪಷ್ಟವಿಲ್ಲದಿದ್ದರೆ ಆ ಗೆರೆಯ ಮೇಲೆ ನಿಂತವರಿಗೆ ನೋವು. 2023ರ ಕಾಯಿದೆ ಶಿಕ್ಷಣಕ್ಕೆ ಒಂದು, ಸಂಸ್ಥೆಗಳ ಮೌಲ್ಯಮಾಪನಕ್ಕೆ ಒಂದು, ನೀತಿ ಮತ್ತು ನೋಂದಣಿಗೆ ಒಂದು ಎಂದು ಮೂರು ಮಂಡಳಿಗಳನ್ನು ಹೇಳಿದೆ. ರಾಜ್ಯಗಳಿಗೂ ಆಯೋಗ ಇರಬೇಕು ಎಂದಿದೆ. ಕೆಲಸಗಳನ್ನು ಬೇರೆ ಬೇರೆ ಮಾಡಿ ಹೆಸರಿಸಿದ್ದು ಒಳ್ಳೆಯ ಹೆಜ್ಜೆ.

ಸಾಲು 3

“ಪರಿಷತ್ತು ಒಂದು ಪಟ್ಟಿ ಇಡತಕ್ಕದ್ದು, ಮಾನ್ಯ ಅರ್ಹತೆ ಇದ್ದವರ ಹೆಸರನ್ನು ಅದರಲ್ಲಿ ಬರೆಯತಕ್ಕದ್ದು.”

ಏಳು ಸಾಲುಗಳಲ್ಲಿ ಇದು ಕಂಬ. ಉಳಿದವು ಇದಕ್ಕೆ ಆನಿಸಿ ನಿಂತಿವೆ.

ಪಟ್ಟಿ ಬೇಕೇ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದಿನ ಚರಿತ್ರೆ ಇದೆ. ಆಧುನಿಕ ಶುಶ್ರೂಷೆಯ ತಾಯಿ ಎನ್ನಿಸಿಕೊಂಡ ಫ್ಲಾರೆನ್ಸ್ ನೈಟಿಂಗೇಲ್ ಅವರೇ ಪಟ್ಟಿಯನ್ನು ವಿರೋಧಿಸಿದರು. ಒಳ್ಳೆಯ ನರ್ಸಿನ ಗುಣ ಪರೀಕ್ಷೆಯ ಕಾಗದದಲ್ಲಿ ಕಾಣುವುದಿಲ್ಲ ಎಂಬುದು ಅವರ ವಾದ. ಇಂಗ್ಲೆಂಡಿನಲ್ಲೇ ನರ್ಸಾಗಿದ್ದ ಎತೆಲ್ ಬೆಡ್‌ಫೋರ್ಡ್ ಫೆನ್ವಿಕ್ ಎದುರು ನಿಂತರು. ಪಟ್ಟಿ ಇಲ್ಲದಿದ್ದರೆ ಕಲಿತವಳನ್ನೂ ಕಲಿಯದವಳನ್ನೂ ರೋಗಿ ಬೇರೆ ಮಾಡಿ ನೋಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಇಂಗ್ಲೆಂಡಿಗಿಂತ ಮುಂಚೆ ನ್ಯೂಜಿಲೆಂಡ್ 1901ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿತು. 1902ರ ಜನವರಿಯಲ್ಲಿ ಎಲೆನ್ ಡೋಹರ್ಟಿ ಅಲ್ಲಿನ ಪಟ್ಟಿಯ ಮೊದಲ ಹೆಸರಾದರು. ಬ್ರಿಟನ್ನಿನ ಕಾಯಿದೆ 1919ರಲ್ಲಿ ಬಂತು, ಅಲ್ಲಿನ ಪಟ್ಟಿಯ ಮೊದಲ ಹೆಸರು ಫೆನ್ವಿಕ್ ಅವರದೇ.

ನೈಟಿಂಗೇಲ್ ಹೇಳಿದ್ದರಲ್ಲಿ ಸತ್ಯವಿದೆ. ಕರುಣೆಯನ್ನು ಅಳೆಯುವ ಪರೀಕ್ಷೆ ಇಲ್ಲ. ಆದರೂ ನಾನು ಫೆನ್ವಿಕ್ ಅವರ ಪಕ್ಷ. ಅಕ್ಕಿಆಲೂರಿನಿಂದ ರಾತ್ರಿ ಹನ್ನೊಂದಕ್ಕೆ ಎದೆನೋವೆಂದು ಬಂದ ರೈತನಿಗೆ ನರ್ಸಿನ ಗುಣ ತೂಗಿ ನೋಡುವಷ್ಟು ಹೊತ್ತಿಲ್ಲ. ಅವನ ಪರವಾಗಿ ಯಾರೋ ಮೊದಲೇ ನೋಡಿ, ‘ಇವಳಿಗೆ ಈ ಕೆಲಸ ಬರುತ್ತದೆ’ ಎಂದು ಬರೆದಿಟ್ಟಿರಬೇಕು. ಆ ಬರಹವೇ ಪಟ್ಟಿ. ಅದು ನರ್ಸಿಗೆ ಕೊಟ್ಟ ಬಿರುದು ಎಂದು ತಿಳಿಯುವುದು ತಪ್ಪು. ಅದು ರೋಗಿಗೆ ಕೊಟ್ಟ ಮಾತು.

ಪಟ್ಟಿಗೆ ಸೇರುವ ದಾರಿಗಳು ಹೀಗಿವೆ. ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ನಮ್ಮ ರಾಜ್ಯದಲ್ಲಿ ಜಿಎನ್‌ಎಂ ಪರೀಕ್ಷೆಯನ್ನು ಡಿಪ್ಲೊಮಾ ಶುಶ್ರೂಷಾ ಪರೀಕ್ಷಾ ಮಂಡಳಿ ನಡೆಸುತ್ತದೆ, ಪದವಿ ಪರೀಕ್ಷೆಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ, ಓದಿದ ಮಕ್ಕಳೇ ಎಡವುವುದು ಇಲ್ಲಿ. ಪಾಸಾಗುವುದು ಬೇರೆ, ಪಟ್ಟಿಗೆ ಸೇರುವುದು ಬೇರೆ. ಅಂಕಪಟ್ಟಿ ಕೈಗೆ ಬಂದ ಮೇಲೆ ಪರಿಷತ್ತಿಗೆ ಅರ್ಜಿ ಹಾಕಿ, ದಾಖಲೆ ತೋರಿಸಿ, ನೋಂದಣಿ ಸಂಖ್ಯೆ ಪಡೆದಾಗಲೇ ಕಾಯಿದೆಯ ಕಣ್ಣಿನಲ್ಲಿ ಅವಳು ನರ್ಸು.

ನಮ್ಮ ಹಳ್ಳಿಗಳಲ್ಲಿ ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯೂ, ಉಪಕೇಂದ್ರದಲ್ಲಿ ಲಸಿಕೆ ಹಾಕುವವಳೂ ಜನರ ಬಾಯಲ್ಲಿ ‘ನರ್ಸಕ್ಕ’ನೇ. ಲಸಿಕೆ ಹಾಕುವವಳು ಎಎನ್‌ಎಂ ಓದಿದವಳು, ಸರ್ಕಾರ ಈಗ ಆಕೆಯನ್ನು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂದು ಕರೆಯುತ್ತದೆ. ಆಸ್ಪತ್ರೆಯ ಸ್ಟಾಫ್ ನರ್ಸ್ ಈಗ ಶುಶ್ರೂಷಾಧಿಕಾರಿ. ಆಶಾ ಕಾರ್ಯಕರ್ತೆ ಪಟ್ಟಿಯವಳಲ್ಲ. ಊರಿಗೂ ಆಸ್ಪತ್ರೆಗೂ ಸೇತುವೆಯಾಗಿರುವುದು ಆಕೆಯ ಕೆಲಸ, ಆ ಕೆಲಸಕ್ಕೆ ಅದರದೇ ಗೌರವವಿದೆ. ಆದರೆ ಆಕೆಯ ಕೈಗೆ ಸಿರಿಂಜು ಕೊಟ್ಟು ‘ಒಂದು ಇಂಜೆಕ್ಷನ್ ಮಾಡಿಬಿಡವಾ’ ಎನ್ನುವುದು ಆಕೆಗೂ ಅನ್ಯಾಯ, ನಮಗೂ ಅಪಾಯ.

ಸಾಲು 4

“ಹೆಸರು ಉಳಿಯಬೇಕಾದರೆ ಕಾಲಕಾಲಕ್ಕೆ ನವೀಕರಿಸತಕ್ಕದ್ದು.”

ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ 150 ಗಂಟೆಗಳ ಮುಂದುವರಿದ ಕಲಿಕೆ ಎಂಬುದು ಭಾರತೀಯ ಪರಿಷತ್ತಿನ ನಿಯಮ. ವರ್ಷಕ್ಕೆ 30 ಗಂಟೆ. ಔಷಧಿ ಬದಲಾಗುತ್ತದೆ, ಯಂತ್ರ ಬದಲಾಗುತ್ತದೆ, ಸೋಂಕು ತಡೆಯುವ ಕ್ರಮ ಬದಲಾಗುತ್ತದೆ. ಇಪ್ಪತ್ತು ವರ್ಷದ ಹಿಂದಿನ ಅಭ್ಯಾಸವೇ ಸಾಕೆನ್ನುವಂತಿಲ್ಲ. ನಿಯಮ ಸರಿ. ಹಿರೇಕೆರೂರಿನ ಮೂಲೆಯ ಉಪಕೇಂದ್ರದಲ್ಲಿ ಒಬ್ಬಳೇ ದುಡಿಯುವವಳಿಗೆ ಆ ಗಂಟೆಗಳು ಎಲ್ಲಿಂದ ಬರಬೇಕು ಎಂಬುದನ್ನೂ ನಿಯಮ ಮಾಡಿದವರು ಯೋಚಿಸಬೇಕು. ಕಲಿಕೆ ಕಡ್ಡಾಯವಾದರೆ ಕಲಿಯಲು ರಜೆಯೂ, ಜಿಲ್ಲೆಯೊಳಗೇ ತರಗತಿಯೂ ಕಡ್ಡಾಯವಾಗಬೇಕು.

ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋದವಳು, ಕೊಲ್ಲಿ ದೇಶಕ್ಕೆ ದುಡಿಯಲು ಹೊರಟವಳು ಈ ಸಾಲನ್ನು ಮರೆತರೆ ಅಲ್ಲಿ ಕಷ್ಟಪಡುತ್ತಾಳೆ. ಆಕೆಯ ಹೆಸರು ಇಲ್ಲಿ ಚಾಲ್ತಿಯಲ್ಲಿದೆಯೇ ಎಂದು ಅಲ್ಲಿನವರು ಇಲ್ಲಿಗೇ ಕೇಳುತ್ತಾರೆ. ಈಗ ರಾಷ್ಟ್ರಮಟ್ಟದ ಗಣಕೀಕೃತ ಪಟ್ಟಿ ಇದ್ದು, ಪ್ರತಿ ನರ್ಸಿಗೂ ಒಂದು ವಿಶಿಷ್ಟ ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆಯನ್ನು ಪಡೆದುಕೊಳ್ಳುವುದು ನರ್ಸಿನ ಹಿತಕ್ಕೇ ಸರಿ.

ಸಾಲು 5

“ಪಟ್ಟಿಯಲ್ಲಿ ಇಲ್ಲದವರು ನರ್ಸು ಎಂದು ಹೇಳಿಕೊಂಡು ವೃತ್ತಿ ಮಾಡಕೂಡದು, ಮಾಡಿದರೆ ಶಿಕ್ಷೆ.”

ಕಲ್ಲಿನ ಶಾಸನಗಳ ಕೊನೆಗೆ ಶಾಪಾಶಯ ಬರುತ್ತದೆ. ಧರ್ಮವನ್ನು ಅಳಿದವನಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಬಗೆಯದು. ಕಾಯಿದೆಯ ಶಾಪಾಶಯ ಈ ಐದನೆಯ ಸಾಲು. 2023ರ ಕಾಯಿದೆ ಹೇಳುವ ಶಿಕ್ಷೆ ಒಂದು ವರ್ಷದವರೆಗೆ ಸೆರೆ, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಷ್ಟು ಕಠಿಣವಾಗಿ ಏಕೆ ಹೇಳಬೇಕಾಯಿತು ಎಂಬುದಕ್ಕೆ ಸುಪ್ರೀಂ ಕೋರ್ಟು 1998ರಲ್ಲಿ ತೀರ್ಪು ಕೊಟ್ಟ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣವನ್ನು ಓದಬೇಕು. ವಿಷಮಶೀತ ಜ್ವರಕ್ಕೆ ಸೇರಿಸಿದ್ದ ಒಬ್ಬ ಚಿಕ್ಕ ಹುಡುಗನಿಗೆ ಕೊಡಬಾರದ ಚುಚ್ಚುಮದ್ದನ್ನು ನೇರ ನರಕ್ಕೆ ಕೊಡಲಾಯಿತು. ಮಗು ಅಲ್ಲೇ ಕುಸಿಯಿತು, ಜೀವ ಉಳಿದರೂ ಮೆದುಳು ಉಳಿಯಲಿಲ್ಲ. ಮದ್ದು ಕೊಟ್ಟವಳು ಅರ್ಹತೆ ಪಡೆದ ನರ್ಸಾಗಿರಲಿಲ್ಲ. ಮಗುವಿಗೆ 12.5 ಲಕ್ಷ, ತಂದೆತಾಯಿಯ ಮನೋವೇದನೆಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಕೋರ್ಟು ಎತ್ತಿಹಿಡಿಯಿತು. ಆ ಭಾರ ಆಸ್ಪತ್ರೆಯ ಮೇಲೂ ಬಿತ್ತು ಎಂಬುದನ್ನು ಗಮನಿಸಬೇಕು. ಅರ್ಹತೆ ಇಲ್ಲದವಳನ್ನು ಕೆಲಸಕ್ಕೆ ಇಟ್ಟುಕೊಂಡವರು ‘ತಪ್ಪು ಅವಳದು’ ಎಂದು ಕೈ ತೊಳೆದುಕೊಳ್ಳಲು ಆಗಲಿಲ್ಲ.

ನಮ್ಮವ್ವನಿಗೆ ಸಲೈನ್ ಹಚ್ಚಿದ ಹುಡುಗಿಯನ್ನು ಈ ಸಾಲಿನ ಬೆಳಕಿನಲ್ಲಿ ಮತ್ತೆ ನೋಡಿದೆ. ಕಾಯಿದೆಯ ಅಕ್ಷರ ಹಿಡಿದರೆ ಶಾಪ ತಟ್ಟುವುದು ಅವಳಿಗೆ. ನ್ಯಾಯವಾಗಿ ತಟ್ಟಬೇಕಾದದ್ದು ಅವಳನ್ನು ಅಗ್ಗಕ್ಕೆ ಇಟ್ಟುಕೊಂಡವರಿಗೆ. ನೋಂದಾಯಿತ ನರ್ಸನ್ನು ಇಟ್ಟುಕೊಂಡರೆ ಸಂಬಳ ಹೆಚ್ಚು ಕೊಡಬೇಕು. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ‘ನೋಡಿ ಕಲಿತ’ ಹುಡುಗಿ ಅದರ ಒಂದು ಪಾಲಿಗೆ ಸಿಗುತ್ತಾಳೆ. ಪಟ್ಟಿಯನ್ನು ಮುರಿಯುವುದು ಅವಳ ದುರಾಸೆಯಲ್ಲ, ಉಳಿತಾಯದ ಲೆಕ್ಕ. ಆದ್ದರಿಂದ ಖಾಸಗಿ ಆಸ್ಪತ್ರೆಗಳಿಗೆ ಪರವಾನಗಿ ಕೊಡುವ ಜಿಲ್ಲೆಯ ಅಧಿಕಾರಿಗಳು ಕಟ್ಟಡ, ಹಾಸಿಗೆ, ಯಂತ್ರ ಎಣಿಸುವಾಗ ನರ್ಸುಗಳ ನೋಂದಣಿ ಸಂಖ್ಯೆಗಳನ್ನೂ ಎಣಿಸಬೇಕು. ಆ ಹುಡುಗಿಗೆ ಶಿಕ್ಷೆಗಿಂತ ಮೊದಲು ಓದಲು ಸೀಟು ಸಿಗಬೇಕು.

ಸಾಲು 6

“ಪಟ್ಟಿಯಲ್ಲಿ ಇರುವವರು ವೃತ್ತಿಯ ನೀತಿಗೆ ಬದ್ಧರು.”

ಸೂತ್ರಕ್ಕೆ ಬರೆದ ವಿವರಣೆಗೆ ಹಳಗನ್ನಡದ ವ್ಯಾಕರಣಕಾರರು ‘ವೃತ್ತಿ’ ಎಂದರು. ಕಸುಬಿಗೂ ಅದೇ ಪದ. ಈ ಸಾಲಿಗೆ ನಿಜವಾದ ವೃತ್ತಿ ಬರೆಯುವವಳು ನರ್ಸು, ದಿನಾ ವಾರ್ಡಿನಲ್ಲಿ.

ಭಾರತೀಯ ಪರಿಷತ್ತು 2006ರಲ್ಲಿ ನೀತಿಸಂಹಿತೆಯನ್ನು ಪ್ರಕಟಿಸಿತು. ಅದನ್ನು ಕಲ್ಲಿನ ಶಾಸನದ ಗಡಿಕಲ್ಲುಗಳಂತೆ ನೋಡಬಹುದು: ಇಲ್ಲಿಯವರೆಗೆ ನಿನ್ನದು, ಇಲ್ಲಿಂದಾಚೆ ನಿನ್ನದಲ್ಲ. ಮದ್ದು ಕೊಡುವಾಗ ಐದನ್ನು ನೋಡಬೇಕೆಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಮೇಲೆ ಹೇಳಿದ ಮಗುವಿನ ವಿಷಯದಲ್ಲಿ ತಪ್ಪಿದ್ದು ಈ ಐದರೊಳಗಿನ ಪಾಠವೇ. ಪಟ್ಟಿಯಲ್ಲಿದ್ದವಳೂ ಗಡಿ ದಾಟಬಾರದು. ನಿವೃತ್ತಿಯಾದ ಮೇಲೆ ಮನೆಯಲ್ಲೇ ಬೋರ್ಡು ಹಾಕಿ, ತಾನೇ ರೋಗ ಹೇಳಿ ಮಾತ್ರೆ ಬರೆದುಕೊಟ್ಟರೆ ಅದು ಶುಶ್ರೂಷೆಯಾಗಿ ಉಳಿಯುವುದಿಲ್ಲ.

ನಮ್ಮಂಥ ಊರುಗಳಲ್ಲಿ ಬಲು ಕಷ್ಟದ ಗಡಿ ಗುಟ್ಟಿನದು. ಹಾನಗಲ್ಲಿನ ಸಂತೆಯಲ್ಲಿ ಎದುರಾಗುವ ಹತ್ತರಲ್ಲಿ ನಾಲ್ವರು ಗುರುತಿನವರು. ಯಾರಿಗೆ ಕ್ಷಯ, ಯಾರ ಸೊಸೆಗೆ ಗರ್ಭಪಾತ, ಯಾರ ರಕ್ತಪರೀಕ್ಷೆಯಲ್ಲಿ ಏನು ಬಂತು ಎಂಬುದು ನರ್ಸಿಗೆ ಗೊತ್ತು. ದೊಡ್ಡ ನಗರದಲ್ಲಿ ಬಾಯಿ ಜಾರಿದರೆ ಗಾಳಿಗೆ ಹೋಗುತ್ತದೆ, ಇಲ್ಲಿ ಒಂದು ಮನೆ ಮುರಿಯುತ್ತದೆ. ಆ ಮಾತುಗಳನ್ನು ನುಂಗಿಕೊಂಡು ಮೂವತ್ತು ವರ್ಷ ಅದೇ ಊರಿನಲ್ಲಿ ಬಾಳಿದ ನರ್ಸುಗಳಿದ್ದಾರೆ. ನಮ್ಮ ಕಣ್ಣಿಗೆ ಬೀಳದ ಸೇವೆ ಅದು.

ನೀತಿ ಎರಡು ಕಡೆಗೂ ಇರಬೇಕು. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸು ಇರಬೇಕೆಂದು ಪರಿಷತ್ತಿನದೇ ಮಾನದಂಡ. ಒಬ್ಬಳ ಮೇಲೆ ಮೂವತ್ತು ಹಾಸಿಗೆ ಹೊರಿಸಿ, ಆಮೇಲೆ ಆಕೆಯ ತಪ್ಪು ಹುಡುಕುವುದು ನೀತಿಯಾಗದು.

ಸಾಲು 7

“ವೃತ್ತಿಗೆ ತಕ್ಕದ್ದಲ್ಲದ ನಡತೆ ಸಾಬೀತಾದರೆ, ವಿಚಾರಣೆ ಮಾಡಿ, ಆಕೆಯ ಮಾತು ಕೇಳಿ, ಹೆಸರನ್ನು ತೆಗೆಯಬಹುದು, ತೆಗೆದದ್ದನ್ನು ಮತ್ತೆ ಸೇರಿಸಲೂಬಹುದು.”

ಇಲ್ಲಿ ಮೂರು ಪದಗಳನ್ನು ನಿಧಾನವಾಗಿ ಓದಬೇಕು.

‘ನಡತೆ’: ಎಲ್ಲ ತಪ್ಪೂ ದುರ್ನಡತೆಯಲ್ಲ. ಎಚ್ಚರದಿಂದ ಮಾಡಿಯೂ ಸೂಜಿಗೆ ನರ ಸಿಗದಿರಬಹುದು. ಕುಡಿದು ಕೆಲಸಕ್ಕೆ ಬರುವುದು, ಹೆರಿಗೆಗೆ ಬಂದವಳ ಹತ್ತಿರ ಲಂಚ ಕೇಳುವುದು, ಕೊಡದ ಮದ್ದನ್ನು ಕೊಟ್ಟೆನೆಂದು ಬರೆಯುವುದು, ಸುಳ್ಳು ಸರ್ಟಿಫಿಕೇಟು ತರುವುದು, ಇವು ನಡತೆಯ ಮಾತು.

‘ಕೇಳಿ’: ಆರೋಪ ಏನೆಂದು ಆಕೆಗೆ ತಿಳಿಸಬೇಕು, ಉತ್ತರಿಸಲು ಅವಕಾಶ ಕೊಡಬೇಕು. ಕೇಳದೆ ಕೊಟ್ಟ ತೀರ್ಪು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹೆಸರು ಹೋದರೆ ಅನ್ನ ಹೋಗುತ್ತದೆ, ಆದ್ದರಿಂದ ಈ ಪದಕ್ಕೆ ಇಷ್ಟು ಬೆಲೆ.

‘ಬಹುದು’: ತೆಗೆಯಲೇಬೇಕೆಂದಿಲ್ಲ. ಸೇರಿಸುವ ಬಾಗಿಲೂ ತೆರೆದಿದೆ. ತಿದ್ದಿಕೊಂಡವಳಿಗೆ ಶಾಸನ ಮತ್ತೆ ಜಾಗ ಇಟ್ಟಿದೆ.

ಜನರಿಗೆ ಗೊತ್ತಿರುವ ದಾರಿಗಳು ಮೂರು: ಪರಿಹಾರಕ್ಕೆ ಗ್ರಾಹಕರ ಆಯೋಗ, ಅಪರಾಧಕ್ಕೆ ಪೊಲೀಸು, ಸರ್ಕಾರಿ ನೌಕರಳಾದರೆ ಇಲಾಖೆಗೆ ದೂರು. ಇಲಾಖೆಯಿಂದ ಹೆಚ್ಚಾಗಿ ಆಗುವುದು ವರ್ಗಾವಣೆ, ಅಂದರೆ ಸವಣೂರಿನ ತೊಂದರೆ ಶಿಗ್ಗಾಂವಿಗೆ ಹೋಗುತ್ತದೆ. ನಾಲ್ಕನೆಯ ದಾರಿ ಪರಿಷತ್ತಿನದು. ಈ ವ್ಯಕ್ತಿ ಎಲ್ಲಿಯೇ ಆಗಲಿ ನರ್ಸಾಗಿ ಮುಂದುವರಿಯಬಹುದೇ ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲದ್ದು ಅದೊಂದೇ. ಊರೂರಿನ ಆಸ್ಪತ್ರೆಯ ಗೋಡೆಯ ಮೇಲೆ ಈ ನಾಲ್ಕನೆಯ ದಾರಿಯ ವಿಳಾಸವನ್ನು ಕನ್ನಡದಲ್ಲಿ ಬರೆಸಬೇಕು.

ಐದನೆಯ ದಾರಿಯೊಂದನ್ನು ಕೆಲವರು ಹಿಡಿಯುತ್ತಾರೆ. ರೋಗಿ ತೀರಿಕೊಂಡ ಸಿಟ್ಟಿಗೆ ನರ್ಸಿನ ಮೇಲೆ ಕೈ ಎತ್ತುತ್ತಾರೆ. ಅದಕ್ಕೆ ಕರ್ನಾಟಕದ 2009ರ ಕಾಯಿದೆಯಲ್ಲಿ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ ಇದೆ. ನ್ಯಾಯ ಬೇಕಾದವನು ದೂರು ಬರೆಯಲಿ.

ಓದುಗರಿಗೆ

ಏಳು ಸಾಲು ಮುಗಿಯಿತು. ಆಸ್ಪತ್ರೆ ನಡೆಸುವವರಲ್ಲಿ ನನ್ನ ಬಿನ್ನಹ ಇಷ್ಟು: ನಿಮ್ಮ ನರ್ಸುಗಳ ಹೆಸರು, ನೋಂದಣಿ ಸಂಖ್ಯೆಗಳನ್ನು ಕನ್ನಡದಲ್ಲಿ ಬರೆದು ಬಾಗಿಲ ಬಳಿ ತೂಗುಹಾಕಿ. ನರ್ಸುಗಳಲ್ಲಿ: ನವೀಕರಣದ ತಾರೀಖನ್ನು ಇವತ್ತೇ ತೆಗೆದು ನೋಡಿಕೊಳ್ಳಿ, ದೂರು ಬಂದರೆ ಉತ್ತರಿಸುವ ಹಕ್ಕು ನಿಮಗಿದೆ ಎಂಬುದನ್ನು ಮರೆಯಬೇಡಿ. ಮಗಳನ್ನು ನರ್ಸಿಂಗಿಗೆ ಕಳಿಸುವ ತಂದೆತಾಯಿಯರಲ್ಲಿ: ಫೀಸು ಕಟ್ಟುವ ಮೊದಲು, ಆ ಕಾಲೇಜಿನಲ್ಲಿ ಓದಿದವರ ಹೆಸರು ಪಟ್ಟಿಗೆ ಸೇರುತ್ತದೆಯೇ ಎಂದು ಪರಿಷತ್ತಿನಲ್ಲೇ ವಿಚಾರಿಸಿ.

ರೋಗಿಯ ಜೊತೆ ಹೋಗುವ ನಾವು ನೀವು ಮಾಡಬೇಕಾದದ್ದು ಎಲ್ಲಕ್ಕಿಂತ ಸುಲಭದ್ದು. ಸೂಜಿ ಹಿಡಿದು ಬಂದವರನ್ನು ಗೌರವದಿಂದ, ದನಿ ಏರಿಸದೆ, ‘ಅಕ್ಕಾರ, ನಿಮ್ಮ ರಿಜಿಸ್ಟ್ರೇಷನ್ ಆಗೇತೇನ್ರಿ?’ ಎಂದು ಕೇಳಿ. ಓದಿ ಪಟ್ಟಿಗೆ ಸೇರಿದವರು ಆ ಪ್ರಶ್ನೆಗೆ ಸಂತೋಷದಿಂದಲೇ ಉತ್ತರ ಕೊಡುತ್ತಾರೆ.